ಎಡ ತಿರುಪು

ಯಾವ ತಿರುಪು ಒಳ್ಳೆಯದು ಅಂತ ಕೇಳಬೇಡ, ಕಿಲಿಯಾನ್.
ಆ ಪ್ರಶ್ನೆಗೆ ಫೆರ್ಲಾಖಿನ ಒಂದೊಂದು ಬೀದಿಗೂ
ಒಂದೊಂದು ಉತ್ತರವಿದೆ, ಎರಡು ಲೋಟ ಇಳಿದ ಮೇಲೆ
ಒಬ್ಬೊಬ್ಬರಿಗೂ ಇನ್ನೊಂದು.
ಮೊದಲು ಟೋಪಿಯ ಹಿಮ ಕೊಡವು. ಕೂತುಕೋ. ಆ ಸ್ಟೂಲಲ್ಲ,
ಅದು ಬರೀ ಎಣ್ಣೆ.

ನದಿಯಾಚೆ ಕಾರ್ಖಾನೆಯಲ್ಲಿ ಸುತ್ತಿಗೆಗಳು
ನಾಲ್ಕು ದಿಕ್ಕಿನಿಂದ ಬಡಿಯುತ್ತವೆ, ಒಳಗೊಂದು ಅಚ್ಚಿನ ಕಡ್ಡಿ ಇಟ್ಟು.
ನೀನು ಒಂದು ಕಾಫಿ ಮುಗಿಸುವಷ್ಟರಲ್ಲಿ ನಳಿಗೆ
ಉದ್ದವಾಗಿ, ತೆಳ್ಳಗಾಗಿ, ತಿರುಪು ತೊಟ್ಟು ಬರುತ್ತದೆ.
ತಪ್ಪೇನಿಲ್ಲ. ಸೈನ್ಯಕ್ಕೆ ಮಾರುವವರಿಗೆ ಲೆಕ್ಕ ಮುಖ್ಯ.

ನನ್ನ ಭಾವ ಉರ್ಬಾನ್ ಗುಂಡಿ ಎಳೆಯುತ್ತಾನೆ.
ನಗಬೇಡ, ಅಂಗಿಯ ಗುಂಡಿಯಲ್ಲ,
ಉಕ್ಕಿಗಿಂತ ಗಟ್ಟಿಯಾದ ಒಂದು ಕಾಳು;
ರಂಧ್ರದಲ್ಲಿ ಒಂದೇ ಉಸಿರಿಗೆ ನುಗ್ಗಿ ಹೋಗುತ್ತದೆ.
ಲೋಹವನ್ನು ಕತ್ತರಿಸುವುದಿಲ್ಲ, ಪಕ್ಕಕ್ಕೆ ಸರಿಸುತ್ತದೆ,
ತುಂಬಿದ ಬಸ್ಸಿನಲ್ಲಿ ನನ್ನಂಥವಳು ಕೂತ ಹಾಗೆ.
ಆಮೇಲೆ ಉಕ್ಕಿನ ಸಿಟ್ಟು ಇಳಿಯಲಿ ಅಂತ ಕುಲುಮೆಯಲ್ಲಿಡಬೇಕು.
ಇಳಿಯಿತೋ ಇಲ್ಲವೋ, ಉಕ್ಕೇ ಹೇಳಬೇಕು.

ನಾನು ಕೆರೆಯುವವಳು.
ಒಂದು ಕೊಕ್ಕೆ, ಒಂದು ಕಂಬಿ, ಅಪ್ಪನ ಯಂತ್ರ.
ಆರು ತೋಡಿಗೂ ಒಂದೊಂದು ಸಲ ಎಳೆ,
ಪ್ರತಿ ಸಲವೂ ಕೊಕ್ಕೆಗೆ ಕೂತ ಹೊಟ್ಟನ್ನು ಕುಂಚದಿಂದ ಒರೆಸು,
ಕೂದಲಿನ ಇಪ್ಪತ್ತನೇ ಪಾಲು ಎತ್ತರಿಸು, ಮತ್ತೆ ಎಳೆ.
ಇನ್ನೂರ ನಲವತ್ತು ಎಳೆತ. ಎಣಿಕೆ ತಪ್ಪಿದರೆ
ಮೊದಲಿನಿಂದ ಅಂತಿಲ್ಲ, ನೇರ ಗುಜರಿಗೆ.
ಎಣ್ಣೆ ಬಂದಾಗ ಕಣ್ಣು ಮುಚ್ಚುವವರಿಗೆ ಈ ಕಸುಬಲ್ಲ.

ಐದೇ ತೋಡು ಬೇಕೆನ್ನುವವರಿದ್ದಾರೆ, ಇಳಿಜಾರು ಅಂಚಿನವು,
ದಿಬ್ಬಕ್ಕೆದುರು ದಿಬ್ಬ ಬಾರದಂತೆ.
ಸೀಸಕ್ಕೆ ನೋವು ಕಡಿಮೆಯಂತೆ. ಸೀಸಕ್ಕೆ!
ಆಚೆ ತುದಿಯಲ್ಲಿ ನಿಂತ ಬೆಟ್ಟಮೇಕೆಯನ್ನು ಯಾರೂ ಕೇಳಿಲ್ಲ.
ಮೊದಲು ಸಡಿಲ, ಬಾಯಿ ಹತ್ತಿರವಾದಂತೆ ಬಿಗಿ,
ನನ್ನ ಅತ್ತೆಯ ಮಾತಿನಂಥ ತಿರುಪು ಬೇಕೆಂದು
ವಿಯೆನ್ನಾದಿಂದ ಒಬ್ಬ ಬಂದಿದ್ದ. ಮಾಡಿಕೊಟ್ಟೆ.

ಈಗ ನಿನ್ನಜ್ಜನ ಕೋವಿ ಕೊಡು.
ಕಿಟಕಿಯ ಕಡೆ ಹಿಡಿ. ಹೂಂ.
ಗಂಟಲು ಸುಟ್ಟಿದೆ, ಒಳಗೆಲ್ಲ ಮೊಸಳೆಯ ಚರ್ಮ.
ಇದರ ಆಯಸ್ಸು ಮುಗಿಯಿತು. ಆದರೆ
ತಾಳು.

ಇದು ಎಡಕ್ಕೆ ತಿರುಗಿದೆ.

ನಮ್ಮ ಕಣಿವೆಯಲ್ಲಿ ಎಲ್ಲರೂ ಬಲಕ್ಕೇ ತಿರುಗಿಸುವುದು.
ಅಡಿಯಲ್ಲಿ ಅಪ್ಪನ ಗುರುತು, ಬ್ಲಾಜ್ ಅನ್ನುವ ಹೆಸರಿನ ಒಂದು ಅಕ್ಷರ,
ಒಂದು ಚುಕ್ಕೆ, ಇಸವಿ ಐವತ್ತೆಂಟು.
ಅವನ ಗುರು ತೀರಿಕೊಂಡ ಚಳಿಗಾಲ,
ಒಬ್ಬನೇ ನಿಂತು ಮಾಡಿದ ಮೊದಲ ನಳಿಗೆ.
ಯಂತ್ರದ ಓರೆಪಟ್ಟಿಯನ್ನು ಆಚೆ ಇಡುವ ಬದಲು ಈಚೆ ಇಟ್ಟಿದ್ದಾನೆ.
ಮೊದಲ ಗೀರು ಬಿದ್ದಾಗಲೇ ಗೊತ್ತಾಗಿರಬೇಕು.
ಇನ್ನೊಂದು ಉಕ್ಕಿಗೆ ಕೈಯಲ್ಲಿ ಕಾಸಿರಲಿಲ್ಲ.
ಆರೂ ತೋಡು ಎಡಕ್ಕೇ ಮುಗಿಸಿ, ಉಜ್ಜಿ, ಹೊಳಪಿಟ್ಟು
ನಿನ್ನಜ್ಜನ ಕೈಗಿತ್ತ, ಏನೂ ಹೇಳಲಿಲ್ಲ.

ನಮಗೂ ಹೇಳಲಿಲ್ಲ. ಪಟ್ಟಿಯ ಆಚೆಬದಿಗೆ
ಕೆಂಪು ಬಣ್ಣದಲ್ಲಿ ಒಂದು ಗೀಟು ಎಳೆದಿದ್ದ, ನೋಡು, ಅಲ್ಲಿ.
ಯಾಕಪ್ಪಾ ಅಂದರೆ ಸುಮ್ಮನೆ, ಅನ್ನುತ್ತಿದ್ದ.
ನಲವತ್ತು ವರ್ಷ ಆ ಸುಮ್ಮನೆಯನ್ನು
ನೋಡಿಕೊಂಡೇ ಕೆಲಸ ಮಾಡಿದ್ದೇನೆ.

ನಿನ್ನಜ್ಜ ಏನು ಕಲಿಸಿದ ನಿನಗೆ?
ಮುನ್ನೂರು ಮೀಟರಿಗೆ ಒಂದು ಬೆರಳು ಬಲಕ್ಕೆ ಹಿಡಿ ಅಂತಲೇ?
ಬೆಟ್ಟದ ಗಾಳಿ ಅಂದುಕೊಂಡನೇ?
ನೀನೂ ಹಾಗೇ ಹಿಡಿಯುತ್ತೀಯಾ?

ಸರಿ. ಪಟ್ಟಿಯನ್ನು ಈಚೆಗೇ ಇಡುತ್ತೇನೆ.
ಕೈ ಒಪ್ಪಲು ಒಂದು ದಿನ ಹಿಡಿಯಬಹುದು.
ಬೆಲೆ ಅದೇ, ಎಡಕ್ಕೆಂದು ಹೆಚ್ಚಿಲ್ಲ.
ಮಾರ್ಚ್ ಕಳೆದು ಬಾ. ಹೋಗುವಾಗ ಬಾಗಿಲೆಳೆದುಕೋ,
ಚಳಿ ಹೊಕ್ಕರೆ ಉಕ್ಕು ಕುಗ್ಗುತ್ತದೆ,
ನನ್ನ ಎಣಿಕೆ ತಪ್ಪುತ್ತದೆ.