ಎಫ್ ಮರೆತ ರಾತ್ರಿ

ಎಂಟು ದಿನಕ್ಕೊಮ್ಮೆ ಬರೋ ನೀರು
ಇವತ್ತು ರಾತ್ರಿ ಎರಡಕ್ಕ ಅಂತ ವಾಲ್ವ್‌ಮನ್ ಯಮನಪ್ಪ ಹೇಳ್ಯಾನ.
ಹಳೇ ಹುಬ್ಬಳ್ಳಿ ಓಣಿಯೊಳಗ ಕೊಡಗಳು ಸಾಲಾಗಿ ಕುಂತಾವ,
ನಾನು ಮಾಳಿಗಿ ಮ್ಯಾಲೆ, ಗುಜರಿಯಿಂದ ತಂದ
ಫೋರ್ ಏಯ್ಟಿ ಸಿಕ್ಸಿನ ಮುಂದ.

ಸಾದಾ ಕಾಲ್ ಅಂದ್ರ ಬಾಜೂ ಮನಿಗೆ ಹೋಗಿ
ಹೆಪ್ಪಿಗೆ ಒಂದು ಚಮಚ ಮಜ್ಜಿಗಿ ಇಸ್ಕೊಂಡು ಬಂದಂಗ.
ಓಣಿ ಅದೇ, ಮನಿ ನಂಬರ್ ನೆನಪಿದ್ರ ಸಾಕು.
ಫಾರ್ ಕಾಲ್ ಹಂಗಲ್ಲ.
ಓಣೀನೂ ಬದಲಾಗ್ತೈತಿ. ಹೊಂಡೋ ಮುಂಚೆ
ಸ್ಟ್ಯಾಕಿನ ಮ್ಯಾಲೆ ಎರಡು ಚೀಟಿ ಇಟ್ಟು ಹೋಗಬೇಕು:
ಯಾವ ಓಣಿಯಾಕಿ,
ಯಾವ ಸಾಲಿನಾಗ ಮಾತು ಬಿಟ್ಟು ಎದ್ದೆ.

ಮೂರನೇ ಸುತ್ತಿನಿಂದ ಸೊನ್ನೆಯ ಸುತ್ತಿಗೆ
ಗೇಟಿನ ಮೂಲಕಾನೇ ಹೋಗಬೇಕು.
ನಾನು ಬರೆದ ಆಫ್‌ಸೆಟ್ ಅದು ಓದೋದೇ ಇಲ್ಲ;
ಎಲ್ಲಿ ಕಾಲಿಡಬೇಕು ಅನ್ನೋದು
ಡಿಸ್ಕ್ರಿಪ್ಟರಿನಾಗ ಮೊದಲೇ ಬರದೈತಿ.
ಯಮನಪ್ಪನ ಕೀಲಿನೂ ಹಿಂಗ.
ಎಷ್ಟು ಬಾಯಿ ಮಾಡಿದ್ರೂ
ನೀರು ಅವ ತಿರುವಿದ ಕಡೆ.
ಒಳಗ ಹೋದ ಮ್ಯಾಲೆ ಸ್ಟ್ಯಾಕೂ ಬ್ಯಾರೆ:
ನನ್ನ ಹಳೇ ಚಾಪಿಯ ಗುರುತು ಬರಕೊಂಡು
ಅವರದೊಂದು ಚಾಪಿ ಹಾಸ್ತಾರ.

ರನ್ ಕೊಟ್ಟೆ.
ಪರದೆ ಕಪ್ಪು. ಮತ್ತ ಮೆಮರಿ ಎಣಿಸೋ ಅಂಕಿ.
ಹನ್ನೊಂದನೇ ಸಲ.
ತಪ್ಪೊಂದು, ಅದನ್ನ ಹಿಡಿಯೋದ್ರಾಗ ಇನ್ನೊಂದು,
ಮೂರನೇದಕ್ಕ ಯಂತ್ರ
ಎಲ್ಲಾ ಮರೆತು ಆಗಷ್ಟೇ ಹುಟ್ಟಿದಂಗ ಏಳ್ತೈತಿ.
ಅಷ್ಟು ಸುಖ ನಮಗಿಲ್ಲ ಬಿಡ್ರಿ.

"ಏ ಮೆಹರಕ್ಕಾ! ಬಂತ ನೋಡು!"
ಗುರುಬಸವ್ವನ ದನಿ. ಪೈಪು ಕೆಮ್ಮತೈತಿ,
ಮೊದಲು ಗಾಳಿ, ಆಮ್ಯಾಲೆ ಕೆಂಪು, ಆಮ್ಯಾಲೆ ನೀರು.
ಹದಿನಾಲ್ಕು ಕೊಡ, ಎರಡು ಡ್ರಮ್,
ಸೊಂಟ ಹಿಡಿದ ಬಿಬಿಜಾನಮ್ಮಂದು ಇನ್ನೂ ನಾಕು.
ಮೂರೂವರಿಗೆ ವಾಲ್ವ್ ಮುಚ್ಚಿತು.

ಮೆಟ್ಟಿಲ ಮ್ಯಾಲೆ ನಿಂತೆ, ಒದ್ದಿ ಕೈ, ಒದ್ದಿ ಸೆರಗು.
ಯಾವ ಸಾಲಿನಾಗಿದ್ದೆ?
ಮನಿಗೆ ಬಂದೀನಿ ಖರೆ,
ಎಲ್ಲಿಂದ ಎದ್ದು ಹೋಗಿದ್ದೆ ಅನ್ನೋದೇ ಹೊಳೀವಲ್ದು.

ಕುಂತು ಮೊದಲಿಂದ ಓದಿದೆ.
ರೂಟೀನಿನ ಕೊನೀಗೆ ಬರೇ ರೆಟ್.
ಮನಿ ನಂಬರಿನ ಚೀಟಿ ಎತ್ತಿಕೊಂಡು
ಓಣಿಯ ಚೀಟಿ ಅಲ್ಲೇ ಬಿಟ್ಟು ಓಡಿತ್ತು ಪಾಪ,
ಬ್ಯಾರೆ ಓಣಿಯಾಗ ಅದೇ ನಂಬರಿನ ಬಾಗಿಲು ಬಡೀತಿತ್ತು.
ಒಂದು ಎಫ್ ಹಚ್ಚಿದೆ.

ಪರದೆಯ ಮೂಲ್ಯಾಗ ಹಳದಿ ಅಕ್ಷರ, ಒಂದೇ ಒಂದು.
ಹೋಗಿ ಬಂದೈತಿ.
ಕುಣೀಬೇಕನಿಸಿತು, ಕೆಳಗ ಮಂದಿ ಮಲಗ್ಯಾರ.

ಅಷ್ಟೊತ್ತಿಗೆ ಗುರುಬಸವ್ವ ಮತ್ತ ಕೂಗಿದಳು:
"ನಿಂದೊಂದು ತಾಮ್ರದ ಕೊಡ ನಮ್ಮ ಕಟ್ಟಿ ಮ್ಯಾಲೇ ಉಳದೈತಿ!"
"ಇರ್ಲಿ ಬಿಡಬೇ, ಮುಂಜಾನೆ ಬರ್ತೀನಿ."