ಎಡಬದಿಯ ಹಿಂದಿನ ಲೈಟು

ಸಲ್ಮಾಬಾದಿನ ಗ್ಯಾರೇಜು ಸಾಲಿಗೆ ಶುಕ್ರವಾರ
ಬೇರೆಯೇ ಒಂದು ವಾಸನೆ ಉಂಟು:
ಸೀಮೆಎಣ್ಣೆ, ತುಕ್ಕು, ಕರಕ್ ಚಹಾ,
ಊರಿಂದ ಬಂದ ಇದ್ದಿನಬ್ಬನ ಬೀಡಿ.

ವಾರವೆಲ್ಲ ನಾನು ಲಾಂಡ್ರಿಯಲ್ಲಿ
ಯಾರದೋ ಬಿಳಿ ಅಂಗಿಗೆ ಗೆರೆ ಕೂರಿಸುವವನು,
ಅವನು ಕೋಲ್ಡ್ ಸ್ಟೋರಿನ ಗಲ್ಲದಲ್ಲಿ ಫಿಲ್ಸು ಎಣಿಸುವವನು.
ಶುಕ್ರವಾರ ಮಾತ್ರ ನಮಗೂ ಒಂದು ಹುಚ್ಚು.
ಅದರ ಹೆಸರು ದಾಟ್ಸನ್ ನೂರಿಪ್ಪತ್ತು ವೈ,
ಎಪ್ಪತ್ತೇಳನೆಯ ಇಸವಿ, ಸಾಸಿವೆ ಬಣ್ಣ.

ನಮ್ಮದಲ್ಲ. ಸಿತ್ರಾದ ಹಾಜಿ ಮಕ್ಕಿಯದು.
ಮನೆಯ ಹಿಂದೆ ಬೋರೆಮರದಡಿ
ಚಕ್ರ ಕಳಚಿ ಕಲ್ಲಿನ ಮೇಲೆ ಕೂತಿತ್ತು,
ಮದುವೆಯೂಟ ಮುಗಿದರೂ ಏಳದ ಅಜ್ಜಿಯ ಹಾಗೆ.
"ನನ್ನ ಕಣ್ಣು ಪೂರಾ ಮಂಜಾಗಲಿ, ನಿಮಗೇ ಕೊಡುತ್ತೇನೆ,
ಇನ್ನೂರು ದಿನಾರು" ಎಂದಿದ್ದ.
ಇನ್ನೂರು ಎಂದರೆ ಎರಡು ಸಂಬಳ.
ಇಬ್ಬರಿದ್ದೇವೆ, ಆಗುತ್ತದೆ.

ಆರು ವರ್ಷ ಕೂಡಿಸಿದೆವು, ಬಿಡಿಭಾಗ ಬಿಡಿಭಾಗವಾಗಿ.
ಕಾರ್ಬ್ಯುರೇಟರ್ ಮುಹರ್ರಕಿನ ಗುಜರಿಯಿಂದ.
ಬಾಗಿಲ ಹಿಡಿ ಗುಲ್ ಜಮೀನ್ ಕೊಟ್ಟದ್ದು,
ಬದಲಿಗೆ ಅವನ ಎರಡು ಪ್ಯಾಂಟು ಧರ್ಮಕ್ಕೆ ಒಗೆದೆ.
ಎಡಬದಿಯ ಹಿಂದಿನ ಲೈಟಿಗೆ ಮಾತ್ರ
ಮೂರು ವರ್ಷ ಹಿಡಿಯಿತು.
ಸಿಕ್ಕಿದ್ದು ಹಿದ್ದ್ ಕಡೆಯ ಒಂದು ಕೋಳಿಗೂಡಿನಲ್ಲಿ,
ಕೋಳಿ ನೀರು ಕುಡಿಯುವ ಬಟ್ಟಲಾಗಿ.
ತೊಳೆದು, ಟವೆಲಿನಲ್ಲಿ ಸುತ್ತಿ, ಮಂಚದಡಿ ಇಟ್ಟೆ.
ರೂಮಿನವರು ಕೇಳಿದರು: ಬಂಗಾರವಾ ಎಂತ?

ಆಮೇಲೆ ಬೆಲೆ ಏರಿತು.
ನೆರೆಯ ಹಾಗೆ ಗದ್ದಲ ಮಾಡಿಕೊಂಡು ಅಲ್ಲ,
ಇಲ್ಲಿ ಗೋಡೆಗೆ ಉಪ್ಪು ಏರುತ್ತದಲ್ಲ, ಹಾಗೆ.
ಇನ್ನೂರು ಇದ್ದದ್ದು ಐನೂರು. ಸಾವಿರದೆಂಟುನೂರು.
ಸೇತುವೆ ದಾಟಿ ಬಂದವರು ಬೋರೆಮರದಡಿ ಫೋಟೋ ತೆಗೆದರು.
ಒಂದು ಬೋಲ್ಟು ಕೇಳಿದರೆ "ತಗೊಂಡು ಹೋಗು" ಎನ್ನುತ್ತಿದ್ದ ಗುಜರಿಯವನು
"ಯಾವ ಇಸವಿ?" ಎನ್ನತೊಡಗಿದ.

ಹಾಜಿ ಮಕ್ಕಿಯನ್ನು ಬೈಯಲಾರೆ.
ಕಣ್ಣು ಮಂಜಾಗಲೇ ಇಲ್ಲ ನೋಡಿ,
ಆಪರೇಷನ್ ಆಯಿತು, ಈಗ ಸೂಜಿಗೆ ತಾನೇ ದಾರ ಪೋಣಿಸುತ್ತಾನೆ.
ನಾಲ್ಕು ಸಾವಿರದ ಇನ್ನೂರು ದಿನಾರೂ
ಸ್ಪಷ್ಟವಾಗಿಯೇ ಕಂಡಿರಬೇಕು.
ಅವನೇ ಕರೆದು ಹೇಳಿದ, ಖರ್ಜೂರದ ತಟ್ಟೆ ಮುಂದಿಟ್ಟು.
ಒಂದೊಂದೇ ತಿಂದೆವು.
ಬೀಜ ಎಲ್ಲಿಡುವುದೆಂದು ತಿಳಿಯದೆ
ಕಿಸೆಗೆ ಹಾಕಿಕೊಂಡೆವು.

ಮೂರು ತಿಂಗಳಿಗೆ ಸೀಫಿನ ಶೋರೂಮಿನಿಂದ ಫೋನು:
"ಲೈಟು ನಿಮ್ಮಲ್ಲಿ ಉಂಟಂತೆ. ತೊಂಬತ್ತು ದಿನಾರು."
ಕೋಳಿಯ ಬಟ್ಟಲಿಗೆ ತೊಂಬತ್ತು!
ಇದ್ದಿನಬ್ಬ ಹೇಳಿದ: ಹಣ ಬೇಡ,
ಒಂದು ಸುತ್ತು ಓಡಿಸಲು ಕೊಡಲಿ. ಬಂದರಿನವರೆಗೆ ಸಾಕು.

ಮ್ಯಾನೇಜರ್ ಪ್ರಜೀಶ್ ಒಳ್ಳೆಯವನೇ. ನಕ್ಕ.
"ಓಡಿಸಿದರೆ ಕಿಲೋಮೀಟರು ಏರುತ್ತದೆ, ಬೆಲೆ ಇಳಿಯುತ್ತದೆ.
ಇಂಜಿನ್ನಿನಲ್ಲಿ ಎಣ್ಣೆಯೇ ಇಲ್ಲ."
ಹಾಗಾದರೆ ನಾವೇ ಕೂರಿಸಿ ಕೊಡುತ್ತೇವೆ, ಅಷ್ಟಾದರೂ.

ಗಾಜಿನ ಒಳಗೆ ನಿಂತಿತ್ತು,
ಸಾಸಿವೆಗೆ ತುಪ್ಪ ಸವರಿದ ಹೊಳಪು.
ಚಕ್ರಗಳು ನೆಲ ಕಂಡೇ ಇಲ್ಲದಷ್ಟು ಕಪ್ಪು.
ಇದ್ದಿನಬ್ಬ ಮೊಣಕಾಲೂರಿದ.
ನಾಲ್ಕೇ ಸ್ಕ್ರೂ. ಅರ್ಧ ಗಂಟೆ ತಿರುಗಿಸಿದ.
"ಬ್ಯಾಟರಿ ಕೊಟ್ಟು ನೋಡುವಾ. ನೀನು ಒಳಗೆ ಕೂತು ಒತ್ತು."

ಕೂತೆ. ಸೀಟಿನ ಪ್ಲಾಸ್ಟಿಕ್ಕು ಸದ್ದು ಮಾಡಿತು.
ಸ್ಟೀರಿಂಗ್ ಮುಟ್ಟಬಾರದೆಂದಿದ್ದರು,
ಕೈಗಳನ್ನು ತೊಡೆಯ ಮೇಲಿಟ್ಟುಕೊಂಡೆ.
ಎದುರಿಗೆ ಗಾಜು, ಗಾಜಿನಾಚೆ ರಸ್ತೆ,
ರಸ್ತೆ ತುಂಬ ಬೆಲೆಯಿಲ್ಲದ ಗಾಡಿಗಳು
ಓಡುತ್ತಿದ್ದವು.

ಎಲ್ಲಿಗೂ ಹೋಗದ ಗಾಡಿಗೆ
ನಾನು ಬ್ರೇಕ್ ಒತ್ತಿದೆ.

ಹಿಂದಿನಿಂದ ಇದ್ದಿನಬ್ಬನ ಕೂಗು:
ಹತ್ತಿತು ಮಾರಾಯಾ, ಹತ್ತಿತು,
ಕಾಲು ತೆಗೆಯಬೇಡ.