ಹೆಸರಿಲ್ಲದವನ ಪರವಾಗಿ

ಮೂರು ನಿಮಿಷ ಕೊಟ್ಟಿದ್ದೀರಿ, ಅಧ್ಯಕ್ಷರೇ.
ಗಡಿಯಾರದ ಕೆಳಗೆ ಕೂತ ಹುಡುಗ ಆಗಲೇ ಗುಂಡಿ ಒತ್ತಿದ್ದಾನೆ.
ಮೂರು ನಿಮಿಷದಲ್ಲಿ ನನ್ನ ಮಕ್ಕಳು
ಒಂದು ಕಾಲಿಗೆ ಬೂಟು ಹಾಕಿ ಮುಗಿಸುತ್ತಾರೆ,
ಅದೂ ಬಲದ್ದು ಎಡಕ್ಕೆ.
ಕಾದು ಅಭ್ಯಾಸವಿದೆ ನನಗೆ.
ನಿಮ್ಮದು ಗೊತ್ತಿಲ್ಲ.

ಹೆಸರು ತ್ಸೆಂದ್‌ಸುರೇನ್.
ಉಲಾನ್‌ಬಾತರಿನ ಉತ್ತರದಂಚಿನಲ್ಲಿ
ಬಸ್ಸು ಸುತ್ತು ಹಾಕಿ ಹಿಂತಿರುಗುತ್ತದಲ್ಲ,
ಅದರ ಮೇಲಿನ ದಿಬ್ಬದಲ್ಲಿ ಹಳದಿ ಗೋಡೆಯ ಶಿಶುವಿಹಾರ.
ಹೊಗೆ ಇಳಿದ ದಿನ ಮಾತ್ರ ಹಳದಿ.
ಹತ್ತೊಂಬತ್ತು ಚಳಿಗಾಲ ಅಲ್ಲೇ ಕಳೆದಿದ್ದೇನೆ.
ಇಪ್ಪತ್ತೈದು ಮಕ್ಕಳಿಗೆಂದು ಕಟ್ಟಿದ ಕೋಣೆ;
ಇವತ್ತು ಬೆಳಿಗ್ಗೆ ಎಣಿಸಿದರೆ ನಲವತ್ತೇಳು.
ಮಧ್ಯಾಹ್ನ ಒಂದು ಮಂಚಕ್ಕೆ ಇಬ್ಬರು,
ಇವನ ತಲೆಗೆ ಅವನ ಕಾಲು,
ಡಬ್ಬಿಯೊಳಗಿನ ಚಮಚಗಳ ಹಾಗೆ.
ಹಾಗೆ ಮಲಗಿದರೆ ಬೆಚ್ಚಗಿರುತ್ತದೆ, ನಿಜ.
ಅದನ್ನು ಮಾತ್ರ ನಿಮ್ಮ ಕಡತದಲ್ಲಿ
'ಸೌಲಭ್ಯ' ಎಂದು ಬರೆದುಕೊಳ್ಳಬೇಡಿ.

ನಾನು ಬಂದದ್ದು ನಲವತ್ತೆಂಟನೆಯವನ ಸಲುವಾಗಿ.

ನೆರ್ಗುಯ್.
ನಿಮಗೆ ಗೊತ್ತು, ಆದರೂ ದಾಖಲೆಗಿರಲಿ:
ಹೆಸರಿಲ್ಲ ಎಂದು ಆ ಹೆಸರಿನ ಅರ್ಥ.
ಅವನಿಗಿಂತ ಮುಂಚೆ ಹುಟ್ಟಿದ ಎರಡು ಕೂಸು ಉಳಿಯಲಿಲ್ಲ.
ಕೆಟ್ಟದ್ದು ಮತ್ತೆ ಬಂದು ಹೊಸ್ತಿಲಲ್ಲಿ ನಿಂತು
ಯಾರಿದ್ದೀರಿ ಒಳಗೆ ಎಂದು ಕೂಗಿದರೆ
ಹೇಳಲೊಂದು ಸುಳ್ಳಿರಲಿ ಎಂದು
ಅಜ್ಜಿ ದುಲ್ಮಾ ಹಾಗೆ ಕರೆದಳು.
ಕೆಟ್ಟದ್ದು ಬಂತು. ಕೂಗಿತು. ಹೋಯಿತು.
ಹುಡುಗ ಉಳಿದ, ಈಗ ಮೂರೂವರೆ ವರ್ಷ.

ಆಮೇಲೆ ಬಂದದ್ದು ನಿಮ್ಮ ಲಾಟರಿ.
ಅದೂ ಹೊಸ್ತಿಲಲ್ಲಿ ನಿಂತಿತು,
ಯಾರೂ ಇಲ್ಲವೆಂದುಕೊಂಡು ಹೋಯಿತು.

ನಗಿ, ಪರವಾಗಿಲ್ಲ. ನಾನೂ ನಕ್ಕೆ.
ಖಾಂಡ್ಮಾ ನಗಲಿಲ್ಲ, ಹೆತ್ತವಳು.

ಅವಳು ಉಣ್ಣೆ ಕಾರ್ಖಾನೆಯಲ್ಲಿ ಎಳೆ ಆರಿಸುತ್ತಾಳೆ,
ಬಿಳಿಯಿಂದ ಕಂದು, ಕಂದಿನಿಂದ ಬೂದು.
ಗಂಡ ಗೋಬಿಯ ಗಣಿಯಿಂದ ಕಲ್ಲಿದ್ದಲ ಲಾರಿ ಓಡಿಸುತ್ತಾನೆ,
ಗಡಿಯ ಸಾಲು ಕರಗಿದಾಗ ಮನೆ ಕಾಣುತ್ತಾನೆ.
ಅಜ್ಜಿಗೆ ಈಗ ಒಲೆಯ ಕೆಂಪಷ್ಟೇ ಕಾಣುತ್ತದೆ.
ಹಾಗಾಗಿ ಬೆಳಿಗ್ಗೆ ಆರಕ್ಕೆ ಹೊರಡುವಾಗ
ಖಾಂಡ್ಮಾ ಮಗನ ಸೊಂಟಕ್ಕೆ ನಡುಪಟ್ಟಿ ಸುತ್ತಿ
ಮಂಚದ ಕಾಲಿಗೆ ಹಗ್ಗ ಕಟ್ಟುತ್ತಾಳೆ.

ನಾನು ಹೋಗಿ ನೋಡಿದೆ. ಅಳೆದೂ ನೋಡಿದೆ.
ಉರಿಯುವ ಒಲೆಗೆ ಒಂದು ಗೇಣು ಕಡಿಮೆ,
ನೀರಿನ ಲೋಟಕ್ಕೆ ಒಂದು ಬೆರಳು ಹೆಚ್ಚು,
ಅಜ್ಜಿಯ ಮಡಿಲಿಗೆ ಸರಿಯಾಗಿ.
ಇಷ್ಟು ಲೆಕ್ಕ ಹಾಕಿ ಬಜೆಟ್ ಮಾಡಿದವರನ್ನು
ಈ ಸಭಾಂಗಣದಲ್ಲಿ ನಾನು ಕಂಡಿಲ್ಲ.
ಅವಳ ಮೇಲೆ ನೋಟೀಸು ಹೊರಡಿಸುವ ಮಾತು
ಯಾರೋ ಹಿಂದಿನ ಸಾಲಿನಲ್ಲಿ ಆಡಿದಿರಿ. ಕೇಳಿಸಿತು.
ಮೊದಲು ಆ ಗಂಟು ಬಿಚ್ಚಲು ಒಂದು ಕೋಣೆ ಕಟ್ಟಿ,
ಆಮೇಲೆ ನೋಟೀಸು ಬರೆಯಿರಿ, ನಾನೇ ತಲುಪಿಸುತ್ತೇನೆ.

ಹುಡುಗ ಕುರಿಯ ಕಾಲ್ಗಂಟಿನೆಲುಬು ಎಸೆದು ಆಡುತ್ತಿದ್ದ.
ಹೀಗೆ ಬಿದ್ದರೆ ಕುದುರೆ, ಹಾಗೆ ಬಿದ್ದರೆ ಒಂಟೆ.
ಹಗ್ಗದಾಚೆ ಉರುಳಿದ್ದನ್ನು
ಕಾಲಿನ ಹೆಬ್ಬೆರಳಿಂದ ಎಳೆದುಕೊಳ್ಳುವುದು
ಅವನೇ ಕಲಿತ ವಿದ್ಯೆ.
ನನ್ನ ಕೋಟು ನೋಡಿ, ಟೀಚರ್ ಎಂದು ಗೊತ್ತಾಗಿ,
ನಮ್ಮ ಶಾಲೆಗೆ ಬರುತ್ತೀಯಾ ಎಂದದ್ದಕ್ಕೆ
ಸ್ವಲ್ಪ ಯೋಚಿಸಿದ.

"ನಿಮ್ಮಲ್ಲಿ ಹಗ್ಗ ಎಷ್ಟುದ್ದ?"

ಗಂಟೆ ಬಾರಿಸಿತು, ಸರಿ.
ಸಂಕೋಚ ಬೇಡ ಮಗು, ಒತ್ತು,
ನಿನಗೂ ಬೂಟು ತೊಡಿಸಿದವಳೇ ನಾನು.
ಕೂರುತ್ತೇನೆ, ಅಧ್ಯಕ್ಷರೇ,
ಒಂದೇ ಮಾತು ಉಳಿಯಿತು.

ಆ ಹುಡುಗನಿಗೆ ನಾನಿನ್ನೂ ಉತ್ತರ ಹೇಳಿಲ್ಲ.
ಕೋಟು ತೂಗುಹಾಕುವ ಗೋಡೆಗೆ ನಿನ್ನೆ ಸಂಜೆ
ನಲವತ್ತೆಂಟನೆಯ ಮೊಳೆ ಹೊಡೆದೆ,
ಅಪ್ಪಣೆ ಕೇಳಲಿಲ್ಲ.
ಹೆಸರು ಬರೆಯುವ ಜಾಗದಲ್ಲಿ ಸದ್ಯಕ್ಕೆ
ಒಂದು ಒಂಟೆ ಅಂಟಿಸಿದ್ದೇನೆ.
ಬಾಲ ಸ್ವಲ್ಪ ಉದ್ದವಾಯಿತು.